ಲಾಂಗ್ ರನ್ನಿಗೆ ಹೊರಟ ಸಂಸಾರಸ್ಥರಿಗೆ

ಬೆಂಗಳೂರಿನ ಓಟದ ಬಳಗಗಳ ಎಲ್ಲ ಸದಸ್ಯರಿಗೆ, ಅದರಲ್ಲೂ ಮನೆಯಲ್ಲಿ ಸ್ಕೂಲಿಗೆ ಹೋಗುವ ಮಕ್ಕಳಿರುವ ಗಂಡಸರಿಗೆ,



ಭಾನುವಾರ ಬೆಳಿಗ್ಗೆ ಐದೂವರೆಗೆಲ್ಲ ಕಬ್ಬನ್ ಪಾರ್ಕಿನ ಗೇಟಿನ ಬಳಿ ಜನ ಸೇರಿರುತ್ತಾರೆ. ಅವತ್ತು ಒಳಗೆ ವಾಹನಗಳಿಗೆ ಪ್ರವೇಶವಿಲ್ಲ, ರಸ್ತೆಯೆಲ್ಲ ಓಟಗಾರರದೇ. ಮಿಂಚುವ ಟೀಶರ್ಟು, ಸೊಂಟದ ಬೆಲ್ಟಿಗೆ ಸಿಕ್ಕಿಸಿದ ಜೆಲ್ ಪೊಟ್ಟಣಗಳು, ಸಿಗ್ನಲ್ ಹಿಡಿಯಲೆಂದು ಆಕಾಶಕ್ಕೆ ಎತ್ತಿದ ಮಣಿಕಟ್ಟು. ‘ಇವತ್ತು ಎಷ್ಟು?’ ‘ಇಪ್ಪತ್ತೆರಡು. ನಿಮ್ಮದು?’ ಇಪ್ಪತ್ತೆರಡು ಕಿಲೋಮೀಟರ್ ಮುಗಿಯುವಾಗ ಗಂಟೆ ಎಂಟು. ಆಮೇಲೆ ಸ್ಟ್ರೆಚಿಂಗ್, ಗ್ರೂಪ್ ಫೋಟೊ, ಅದರಲ್ಲಿ ಕಣ್ಣು ಮುಚ್ಚಿಕೊಂಡವರ ಸಲುವಾಗಿ ಇನ್ನೊಂದು ಫೋಟೊ, ಮಸಾಲೆ ದೋಸೆಗೆ ಕ್ಯೂ, ಮುಂದಿನ ರೇಸಿನ ಚರ್ಚೆ, ಎರಡನೇ ಸುತ್ತಿನ ಬೈಟು ಕಾಫಿ. ಮನೆ ಮುಟ್ಟುವಾಗ ಹತ್ತೂವರೆ. ಕೈಯಲ್ಲಿರುವ ವಾಚು ಹೇಳುವುದು ಎರಡು ಗಂಟೆ ಇಪ್ಪತ್ತು ನಿಮಿಷ. ಅಡುಗೆಮನೆಯ ಗೋಡೆ ಗಡಿಯಾರದ ಪ್ರಕಾರ ಯಜಮಾನರು ಐದೂವರೆ ಗಂಟೆ ಮನೆಯಲ್ಲಿ ಇರಲಿಲ್ಲ. ಊಟ ಮುಗಿಸಿ ಮಲಗಿ ನಾಲ್ಕಕ್ಕೆ ಏಳುವುದನ್ನೂ ಸೇರಿಸಿಕೊಂಡರೆ ಭಾನುವಾರವೇ ಮುಗಿದ ಹಾಗೆ.

ಈ ಪತ್ರ ಆ ಎರಡು ಗಡಿಯಾರಗಳ ನಡುವಿನ ಅಂತರದ ಬಗ್ಗೆ.

ಓಟದ ಮೇಲೆ ಯಾರಿಗೂ ದ್ವೇಷವಿಲ್ಲ. 2008ರಲ್ಲಿ ವರ್ಲ್ಡ್ ಟೆನ್‌ಕೆ ಶುರುವಾಗುವ ಮುಂಚೆ ಈ ಊರಿನಲ್ಲಿ ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಓಡುವ ನಡುವಯಸ್ಸಿನವರನ್ನು ಜನ ತಿರುತಿರುಗಿ ನೋಡುತ್ತಿದ್ದರು. ಈಗ ಲೇಔಟಿಗೊಂದು ಬಳಗ ಇದೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ನಾಲೆಯ ಏರಿಯ ಮೇಲೆ ನಡೆಯುವ ಟ್ರೇಲ್ ಮ್ಯಾರಥಾನಿಗೆ ಬೆಂಗಳೂರಿನವರು ಹಿಂದಿನ ದಿನವೇ ಹೋಗಿ ರೂಮು ಹಿಡಿಯುತ್ತಾರೆ. ಒಳ್ಳೆಯದೇ. ದಿನವಿಡೀ ಕೂತು ದುಡಿಯುವವರ ಹೃದಯದ ಗತಿ ಏನಾಗುತ್ತದೆ ಎಂಬುದನ್ನು ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲೇ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಕಂಡುಹಿಡಿದಿದ್ದರು. ಸ್ಟಿಯರಿಂಗ್ ಹಿಡಿದು ಕೂತ ಡ್ರೈವರುಗಳಿಗೆ ಬರುತ್ತಿದ್ದಷ್ಟು ಹೃದ್ರೋಗ, ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತ ಟಿಕೆಟ್ ಕೊಡುತ್ತಿದ್ದ ಕಂಡಕ್ಟರುಗಳಿಗೆ ಬರುತ್ತಿರಲಿಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿ ಕುರ್ಚಿ ಸವೆಸುವವರು ಎದ್ದು ಓಡಬೇಕು. ಎಷ್ಟು ಓಡಬೇಕು, ಆ ಹೊತ್ತು ಎಲ್ಲಿಂದ ಬರಬೇಕು ಎಂಬಲ್ಲಿ ಮಾತ್ರ ತಕರಾರು.

ಕೆಲಸದ ಜೊತೆ ಓಟವನ್ನು ಹೇಗೆ ಸಂಭಾಳಿಸುವುದು ಎಂದು ಹೊಸಬರು ಕೇಳಿದಾಗ ಬಳಗದ ಹಿರಿಯರು ತಪ್ಪದೆ ಎರಡು ಹೆಸರು ಹೇಳುತ್ತಾರೆ. ಒಂದು ರೋಜರ್ ಬ್ಯಾನಿಸ್ಟರ್. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯಕೀಯ ವಿದ್ಯಾರ್ಥಿ. ಮಧ್ಯಾಹ್ನದ ಬಿಡುವಿನಲ್ಲಿ ಹತ್ತಿರದ ಪ್ಯಾಡಿಂಗ್ಟನ್ ಟ್ರ್ಯಾಕಿಗೆ ಹೋಗಿ ಕಾಲು ಮೈಲಿಯ ಸುತ್ತುಗಳನ್ನು ಹತ್ತು ಸಲ ಓಡಿ, ವಾಪಸು ವಾರ್ಡಿಗೆ ಬರುತ್ತಿದ್ದರು. 1954ರ ಮೇ 6ರಂದು ಬೆಳಿಗ್ಗೆ ಎಂದಿನಂತೆ ಆಸ್ಪತ್ರೆಗೆ ಹೋದರು, ಅಲ್ಲಿನ ಲ್ಯಾಬಿನಲ್ಲೇ ಷೂ ಮುಳ್ಳುಗಳನ್ನು ಮಸೆದುಕೊಂಡರು, ರೈಲು ಹತ್ತಿ ಆಕ್ಸ್‌ಫರ್ಡಿಗೆ ಹೋಗಿ ಸಂಜೆ ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದರು. ನಾಲ್ಕು ನಿಮಿಷದ ಒಳಗೆ ಮೈಲಿ ಮುಗಿಸಿದ ಮೊದಲ ಮನುಷ್ಯ.

ಇನ್ನೊಂದು ಹೆಸರು ಜಪಾನಿನ ಯೂಕಿ ಕವಾವುಚಿ. ಸೈತಾಮಾ ಪ್ರಾಂತ್ಯದ ಸರ್ಕಾರಿ ಹೈಸ್ಕೂಲಿನ ಆಫೀಸಿನಲ್ಲಿ ಪೂರ್ಣಾವಧಿ ಗುಮಾಸ್ತ. ಕಂಪನಿಗಳ ತಂಡ ಸೇರಿ ದಿನಕ್ಕೆ ಎರಡು ಹೊತ್ತು ಓಡುವ ಜಪಾನಿ ಓಟಗಾರರ ನಡುವೆ ಇವರದು ದಿನಕ್ಕೆ ಒಂದೇ ಓಟ. ಅದರಲ್ಲೂ ಹೆಚ್ಚಿನ ದಿನಗಳದು ನಿಧಾನದ ಜಾಗಿಂಗು, ವಾರಕ್ಕೆ ಎರಡು ದಿನ ಮಾತ್ರ ಜೋರು. 2018ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನಲ್ಲಿ ಕೊರೆಯುವ ಚಳಿ, ಎದುರುಗಾಳಿ, ಎಡೆಬಿಡದ ಮಳೆ. ಹಿಂದಿನ ವರ್ಷ ಗೆದ್ದಿದ್ದ ಕೀನ್ಯಾದ ಜೆಫ್ರಿ ಕಿರೂಯಿಯನ್ನು ಕೊನೆಯ ಹಂತದಲ್ಲಿ ಹಿಂದಿಕ್ಕಿ ಕವಾವುಚಿ 2 ಗಂಟೆ 15 ನಿಮಿಷ 58 ಸೆಕೆಂಡಿಗೆ ಗೆದ್ದರು. ನೌಕರಿ ಬಿಟ್ಟು ವೃತ್ತಿಪರ ಓಟಗಾರರಾದದ್ದು ಮರುವರ್ಷ.

ಕೇಳಲು ಎರಡೂ ಸೊಗಸಾದ ಕಥೆಗಳು. ಆದರೆ ಆ ದಿನಗಳಲ್ಲಿ ಇಬ್ಬರಿಗೂ ಮದುವೆಯಾಗಿರಲಿಲ್ಲ ಎಂಬುದನ್ನು ಬಳಗದ ಹಿರಿಯರು ಹೇಳುವುದಿಲ್ಲ. ಸಂಸಾರಸ್ಥರು ಮಾದರಿ ಹುಡುಕಬೇಕಾದ ಜಾಗ ಬೇರೆ.

ಕವಾವುಚಿ ಗೆದ್ದ ಅದೇ ಬಾಸ್ಟನ್ ಓಟದಲ್ಲಿ ಹೆಂಗಸರ ಪೈಕಿ ಎರಡನೆಯವರಾಗಿ ಬಂದವರು ಸಾರಾ ಸೆಲ್ಲರ್ಸ್. ಅರಿಜೋನಾದ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ನರ್ಸ್. ಪ್ರಾಯೋಜಕರಿಲ್ಲ, ಎಲ್ಲರಂತೆ ಪ್ರವೇಶ ಶುಲ್ಕ ಕಟ್ಟಿ ಬಂದವರು. ಡ್ಯೂಟಿಗೆ ಮುಂಚೆ ಬೆಳಗಿನ ನಾಲ್ಕಕ್ಕೆ, ಇಲ್ಲವಾದರೆ ಡ್ಯೂಟಿ ಮುಗಿದ ಮೇಲೆ ಸಂಜೆ ಓಡುತ್ತಿದ್ದರು. ಅದು ಅವರ ಎರಡನೇ ಮ್ಯಾರಥಾನ್. ಗುರಿ ಮುಟ್ಟಿದ ಮೇಲೂ ತಾನು ಎಷ್ಟನೆಯವಳು ಎಂದು ಅವರಿಗೆ ಗೊತ್ತಿರಲಿಲ್ಲ, ಬೇರೆಯವರು ಹೇಳಬೇಕಾಯಿತು. ಬಹುಮಾನ 75,000 ಡಾಲರ್.

ಅವರಿಗಿಂತಲೂ ಜಾಸ್ಮಿನ್ ಪ್ಯಾರಿಸ್ ಅವರ ಕಥೆ ನಿಲ್ಲಿಸಿ ಕೇಳುವಂಥದ್ದು. ಎಡಿನ್‌ಬರೋ ವಿಶ್ವವಿದ್ಯಾಲಯದ ಪಶುವೈದ್ಯೆ. 2019ರ ಜನವರಿಯಲ್ಲಿ ಇಂಗ್ಲೆಂಡಿನ ಬೆಟ್ಟಸಾಲಿನ ಮೇಲೆ, ಚಳಿಗಾಲದ ನಟ್ಟನಡುವೆ, 268 ಮೈಲಿಯ ಸ್ಪೈನ್ ರೇಸ್ ಓಡಿದರು. ಅಂದರೆ ಸುಮಾರು 431 ಕಿಲೋಮೀಟರ್. 83 ಗಂಟೆ 12 ನಿಮಿಷದಲ್ಲಿ ಮುಗಿಸಿ, ಗಂಡಸರನ್ನೂ ಸೇರಿಸಿ ಎಲ್ಲರಿಗಿಂತ ಮೊದಲು ಬಂದರು. ಅಲ್ಲಿಯವರೆಗಿನ ದಾಖಲೆಗಿಂತ ಹನ್ನೆರಡು ಗಂಟೆ ಬೇಗ. ಆಗ ಮಗಳಿಗೆ ಹದಿನಾಲ್ಕು ತಿಂಗಳು, ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ದಾರಿಯ ತಂಗುದಾಣಗಳಲ್ಲಿ ಉಳಿದವರು ಕಾಲಿನ ಬೊಬ್ಬೆಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದರೆ ಈಕೆ ಹಾಲು ಹಿಂಡಿ ಇಡುತ್ತಿದ್ದರು. ಪಿಎಚ್‌.ಡಿ. ಪ್ರಬಂಧ ಬರೆಯುವ ಕೆಲಸವೂ ಆಗ ನಡೆದಿತ್ತು. ಐದು ವರ್ಷದ ಮೇಲೆ, ಇನ್ನೊಂದು ಮಗುವಾದ ನಂತರ, ಅಮೆರಿಕದ ಟೆನೆಸಿ ಕಾಡಿನಲ್ಲಿ ನಡೆಯುವ ಬಾರ್ಕ್ಲಿ ಮ್ಯಾರಥಾನ್ಸ್ ಮುಗಿಸಿದ ಮೊದಲ ಹೆಂಗಸಾದರು. ಅರವತ್ತು ಗಂಟೆಯ ಗಡುವು. ಅವರು ಕೊನೆಯ ಗೇಟು ಮುಟ್ಟಿದಾಗ ಉಳಿದಿದ್ದದ್ದು 99 ಸೆಕೆಂಡು. ಅದರ ಅಭ್ಯಾಸ ಹೆಚ್ಚಾಗಿ ಮನೆಯವರು ಏಳುವ ಮುಂಚಿನ ಹೊತ್ತಿನಲ್ಲಿ ನಡೆದದ್ದು.

ಇಷ್ಟೆಲ್ಲ ಹೇಳಿದ್ದು ನೀವೂ ಬಾರ್ಕ್ಲಿಗೆ ಹೋಗಿ ಎಂದಲ್ಲ. ಇವರೆಲ್ಲ ಹುಟ್ಟಾ ಪ್ರತಿಭಾವಂತರು. ಅವರ ಟೈಮಿಂಗಿನ ಮೇಲೆ ಕಣ್ಣಿಡುವುದು ವ್ಯರ್ಥ. ಅವರ ವೇಳಾಪಟ್ಟಿಯಿಂದ ಮಾತ್ರ ಕಲಿಯುವುದಿದೆ. ನಾಲ್ವರೂ ಓಟವನ್ನು ಕೆಲಸದ ಅಂಚಿನಲ್ಲಿ, ಬೇರೆ ಯಾರೂ ಬಳಸದ ಹೊತ್ತಿನಲ್ಲಿ ಇಟ್ಟುಕೊಂಡರು. ಓಟ ಮುಗಿದ ಕೂಡಲೇ ವಾರ್ಡಿಗೋ ಆಫೀಸಿಗೋ ತೊಟ್ಟಿಲ ಬಳಿಗೋ ನಡೆದರು.

ಎಷ್ಟು ಓಡಿದರೆ ಸಾಕು ಎಂಬುದಕ್ಕೆ ವಿಜ್ಞಾನದ ಬಳಿ ಒಳ್ಳೆಯ ಉತ್ತರವಿದೆ, ಆದರೆ ಅದು ಬಳಗಗಳ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಾಡುವುದಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಮತ್ತು ಅವರ ತಂಡ ಕೆಲವರಿಗೆ ಹತ್ತು ವಾರ, ವಾರಕ್ಕೆ ಆರು ದಿನ, ದಿನಕ್ಕೆ ನಲವತ್ತು ನಿಮಿಷ ಕಠಿಣ ತರಬೇತಿ ಕೊಟ್ಟಿತು. ಆಮೇಲೆ ಹದಿನೈದು ವಾರ ಅದನ್ನು ಕಡಿತಗೊಳಿಸಿ ನೋಡಿತು. ಆರು ದಿನದ ಬದಲು ನಾಲ್ಕೋ ಎರಡೋ ದಿನ ಮಾಡಿದರೂ ವಿಓ2 ಮ್ಯಾಕ್ಸ್, ಅಂದರೆ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ, ಇಳಿಯಲಿಲ್ಲ. ದಿನಗಳನ್ನು ಹಾಗೇ ಇಟ್ಟು ನಲವತ್ತು ನಿಮಿಷವನ್ನು ಇಪ್ಪತ್ತಾರಕ್ಕೆ, ಹದಿಮೂರಕ್ಕೆ ಇಳಿಸಿದರೂ ಅದು ಉಳಿಯಿತು. ತೀವ್ರತೆ ಇಳಿಸಿದಾಗ ಮಾತ್ರ ಬಿತ್ತು. ಹದಿಮೂರು ನಿಮಿಷದ ಗುಂಪಿಗೆ ದೀರ್ಘಕಾಲ ಎಳೆಯುವ ತಾಕತ್ತು ಸ್ವಲ್ಪ ಕಡಿಮೆಯಾಯಿತು, ನಿಜ. ಮ್ಯಾರಥಾನ್ ಓಡುವವರಿಗೆ ಉದ್ದನೆಯ ಓಟ ಬೇಕೇಬೇಕು ಎನ್ನುವುದಕ್ಕೆ ಅದೇ ಕಾರಣ. ಆದರೆ ಮಗುವಿಗೆ ಜ್ವರ ಬಂದ ವಾರ, ಆಡಿಟ್ ಬಂದ ವಾರ, ಊರಿಗೆ ಹೋದ ವಾರ ಎರಡೇ ಸಲ ಓಡಿದರೆ ಎಲ್ಲ ಮುಳುಗಿಹೋಯಿತು ಎಂದು ಮುಖ ಊದಿಸಿಕೊಂಡು ಓಡಾಡುವವರು ಈ ಫಲಿತಾಂಶವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಬಹುದು.

ನಾರ್ವೆಯಲ್ಲಿ ನೆಲೆಸಿರುವ ಸ್ಟೀಫನ್ ಸೈಲರ್ ಎಂಬ ಸಂಶೋಧಕರು ವಿಶ್ವಮಟ್ಟದ ಸ್ಕೀ, ದೋಣಿ, ಓಟದ ಪಟುಗಳ ದಿನಚರಿ ಜಾಲಾಡಿ ಕಂಡುಕೊಂಡದ್ದು ಇನ್ನೊಂದು ಸಂಗತಿ: ಅವರ ಅಭ್ಯಾಸದಲ್ಲಿ ಸುಮಾರು ನೂರಕ್ಕೆ ಎಂಬತ್ತು ಪಾಲು ಮಾತಾಡುತ್ತ ಓಡಬಹುದಾದಷ್ಟು ನಿಧಾನ, ಇಪ್ಪತ್ತು ಪಾಲು ಮಾತ್ರ ಏದುಸಿರಿನದು. ನಮ್ಮ ಬಳಗಗಳಲ್ಲಿ ಪಕ್ಕದವನ ಪೇಸ್ ನೋಡಿ ಓಡುವ ಚಟದಿಂದ ಎಲ್ಲ ದಿನವೂ ಅರೆ ಜೋರು, ಅರೆ ನಿಧಾನ. ಸುಸ್ತಾಗುತ್ತದೆ, ಮೊಣಕಾಲು ಹಿಡಿಯುತ್ತದೆ, ಟೈಮಿಂಗು ಕದಲುವುದಿಲ್ಲ.

ಹಾಫ್ ಮ್ಯಾರಥಾನ್ ಆರೋಗ್ಯವಾಗಿ ಓಡಿ ಮುಗಿಸಬೇಕೆನ್ನುವ ಉದ್ಯೋಗಸ್ಥರಿಗೆ ವಾರಕ್ಕೆ ನಾಲ್ಕು ಗಂಟೆ ಸಾಕು. ಮಂಗಳವಾರ ಮುಕ್ಕಾಲು ಗಂಟೆ, ಅದರೊಳಗೆ ಮೂರು ಮೂರು ನಿಮಿಷದ ಐದಾರು ಜೋರು ಓಟ. ಗುರುವಾರ ನಲವತ್ತು ನಿಮಿಷ ನಿಧಾನ. ಶನಿವಾರ ಅರ್ಧ ಗಂಟೆ, ಮಗಳು ಪಕ್ಕದಲ್ಲಿ ಸೈಕಲ್ ತುಳಿದುಕೊಂಡು ಬಂದರೂ ಆಗುವಷ್ಟು ನಿಧಾನ. ಭಾನುವಾರ ಒಂದೂವರೆಯಿಂದ ಎರಡು ಗಂಟೆ. ಫುಲ್ ಮ್ಯಾರಥಾನ್ ಓಡುವವರಿಗೆ ಇದು ಸಾಲದು. ರೇಸಿನ ಮುಂಚಿನ ಎರಡು ತಿಂಗಳು ಭಾನುವಾರದ ಓಟ ಮೂರು ಗಂಟೆಗೆ ಬೆಳೆಯುತ್ತದೆ. ಹಾಗಾಗಿ ಮಕ್ಕಳು ಚಿಕ್ಕವರಿರುವಷ್ಟು ಕಾಲ ಫುಲ್ ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಟೆನ್‌ಕೆ ಓಡುವವರನ್ನು ‘ಬರೀ ಹತ್ತಾ?’ ಎಂದು ಕೇಳುವ ಬಳಗದ ಜಂಭ ಇಳಿಯಬೇಕು. ಹತ್ತು ಕಿಲೋಮೀಟರನ್ನು ಐವತ್ತು ನಿಮಿಷದೊಳಗೆ ಓಡುವುದು, ನಲವತ್ತೆರಡನ್ನು ಆರು ಗಂಟೆ ನಡೆದು ಮುಗಿಸುವುದಕ್ಕಿಂತ ಕಷ್ಟ. ಮನೆಗೆ ಬೀಳುವ ಹೊರೆಯೂ ಕಡಿಮೆ.

ಈಗ ಆ ಗೋಡೆ ಗಡಿಯಾರದ ವಿಷಯ.

ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ ದೇಶದ ಜನ ದಿನದ ಇಪ್ಪತ್ತನಾಲ್ಕು ಗಂಟೆಯನ್ನು ಹೇಗೆ ಕಳೆಯುತ್ತಾರೆಂದು 2019ರಲ್ಲಿ ಮೊದಲ ಸಲ ದೊಡ್ಡ ಪ್ರಮಾಣದಲ್ಲಿ ಲೆಕ್ಕ ಹಾಕಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರದು 97. 2024ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಹೆಂಗಸರದು 289ಕ್ಕೆ ಇಳಿದಿತ್ತು. ಸಂತೋಷಪಡುವ ಮುಂಚೆ ಪಕ್ಕದ ಅಂಕಣ ನೋಡಬೇಕು: ಗಂಡಸರದೂ 88ಕ್ಕೆ ಇಳಿದಿದೆ. ಮಿಕ್ಸಿ, ವಾಷಿಂಗ್ ಮಷಿನ್, ಡೆಲಿವರಿ ಆ್ಯಪ್ ಉಳಿಸಿಕೊಟ್ಟ ಒಂಬತ್ತು ಹತ್ತು ನಿಮಿಷವನ್ನು ಇಬ್ಬರೂ ಸಮನಾಗಿ ಹಂಚಿಕೊಂಡ ಹಾಗಿದೆ. ಕೆಲಸ ಮಾತ್ರ ಹಂಚಿಲ್ಲ.

ಈ ಅಂಕಿಗಳ ಮೇಲೆ ಭಾನುವಾರದ ಐದೂವರೆ ಗಂಟೆಯನ್ನು ಇಟ್ಟು ನೋಡಿ. ಕಬ್ಬನ್ ಪಾರ್ಕಿನಲ್ಲಿ ಹದಿನೆಂಟನೇ ಕಿಲೋಮೀಟರ್ ಮುಗಿಯುತ್ತಿರುವ ಹೊತ್ತಿಗೆ ಮನೆಯಲ್ಲಿ ಅತ್ತೆಗೆ ತಿಂಡಿಗೆ ಮುಂಚಿನ ಇನ್ಸುಲಿನ್ ಆಗಬೇಕು. ನೀರಿನ ಟ್ಯಾಂಕರ್‌ನವನು ಕೆಳಗಿನಿಂದ ಹಾರ್ನ್ ಹೊಡೆಯುತ್ತಿದ್ದಾನೆ. ದೊಡ್ಡವನಿಗೆ ನಾಳೆ ಸೈನ್ಸ್ ಪ್ರಾಜೆಕ್ಟು, ಥರ್ಮಾಕೋಲ್ ಶೀಟು ಬೇಕೆಂದು ಅವನಿಗೆ ನೆನಪಾದದ್ದು ಈಗ. ಚಿಕ್ಕವಳು ಇಡ್ಲಿ ಬೇಡ, ದೋಸೆಯೇ ಬೇಕು ಎಂದು ಹಟ ಹಿಡಿದು ಕೂತಿದ್ದಾಳೆ. ಇವತ್ತಿನ ಹಿಟ್ಟು ಇಡ್ಲಿಯದು. ಮುಂದಿನ ವಾರ ಸೋದರತ್ತೆಯ ಮಗಳ ರಿಸೆಪ್ಷನ್ನು ಶನಿವಾರ ರಾತ್ರಿ ಇದೆ, ಅದಕ್ಕೂ ಹೆಂಡತಿ ಒಬ್ಬಳೇ ಹೋಗಬೇಕು. ‘ಬರಕ್ಕಾಗಲ್ಲ ಕಣೇ, ಬೆಳಿಗ್ಗೆ ಇಪ್ಪತ್ತೆಂಟು ಇದೆ’ ಎಂದು ಈಗಾಗಲೇ ಹೇಳಿಯಾಗಿದೆ. ಹತ್ತೂವರೆಗೆ ಬಾಗಿಲ ಬಳಿ ಬೆವರಿನ ಸಾಕ್ಸ್ ಬೀಳುತ್ತದೆ, ಜೊತೆಗೆ ‘ಅಬ್ಬಾ, ಸುಸ್ತಾಯ್ತು’.

ಇದರಲ್ಲಿ ಓಟ ಕಸಿದುಕೊಂಡದ್ದು ಎರಡು ಗಂಟೆ ಚಿಲ್ಲರೆ. ದೋಸೆ, ಹರಟೆ ಮತ್ತು ಟ್ರಾಫಿಕ್ಕು ಕಸಿದದ್ದು ಮೂರು ಗಂಟೆ ಚಿಲ್ಲರೆ. ಮೊದಲನೆಯದಕ್ಕೆ ಯಾವ ಹೆಂಡತಿಯೂ ಅಡ್ಡ ಬರಲಿಕ್ಕಿಲ್ಲ. ಎರಡನೆಯದು ಓಟದ ಹೆಸರಿನಲ್ಲಿ ಸಿಕ್ಕ ರಜೆ. ಅದು ಬೇಕೆನಿಸಿದರೆ ತಪ್ಪಿಲ್ಲ, ಸ್ನೇಹಿತರ ಜೊತೆ ಕೂತು ಕಾಫಿ ಕುಡಿಯುವುದು ಮನುಷ್ಯನಿಗೆ ಬೇಕು. ಆದರೆ ಅದನ್ನು ಟ್ರೇನಿಂಗ್ ಎಂದು ಬರೆಯಬಾರದು, ಮತ್ತು ಅಷ್ಟೇ ರಜೆ ಮನೆಯಲ್ಲಿರುವವರಿಗೂ ಸಿಗಬೇಕು.

ಹೊತ್ತು ಉಳಿಸುವ ದಾರಿಗಳು ಈ ಊರಿನಲ್ಲೇ ಇವೆ. ಬೆಂಗಳೂರಿನ ಪೇಟೆಯೊಳಗೆ ಕಾರಿನಲ್ಲಿ ಹತ್ತು ಕಿಲೋಮೀಟರ್ ಸಾಗಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆಂದು ಟಾಮ್‌ಟಾಮ್ ಕಂಪನಿ ಪ್ರತಿ ವರ್ಷ ಪ್ರಕಟಿಸುವ ಸಂಚಾರ ಸೂಚ್ಯಂಕ ಹೇಳುತ್ತದೆ. ಪೀಕ್ ಅವರಿನಲ್ಲಿ ಎಷ್ಟೆಂದು ಔಟರ್ ರಿಂಗ್ ರೋಡಿನವರನ್ನು ಕೇಳಬೇಕು. ಅದೇ ಹತ್ತು ಕಿಲೋಮೀಟರನ್ನು ಸಾಧಾರಣ ಓಟಗಾರ ಒಂದು ಗಂಟೆಯಲ್ಲಿ ಓಡುತ್ತಾನೆ. ಅಂದರೆ ಆಫೀಸಿಗೆ ಹೋಗುವ ಓಟಕ್ಕೆ ನಿಜವಾಗಿ ಖರ್ಚಾಗುವ ಹೆಚ್ಚುವರಿ ಹೊತ್ತು ಅರ್ಧ ಗಂಟೆ ಮಾತ್ರ. ಕ್ಯಾಂಪಸ್ಸಿನಲ್ಲಿ ಷವರ್ ಇದ್ದು, ಒಂದು ಜೊತೆ ಬಟ್ಟೆ ಡ್ರಾಯರಿನಲ್ಲಿ ಇಟ್ಟುಕೊಂಡರೆ, ಬೆಳಿಗ್ಗೆ ಓಡಿ ಹೋಗಿ ಸಂಜೆ ಮೆಟ್ರೊದಲ್ಲಿ ವಾಪಸು ಬರಬಹುದು. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗಿನ ನೇರಳೆ ಮಾರ್ಗದ ಉದ್ದ 43.49 ಕಿಲೋಮೀಟರ್, ಫುಲ್ ಮ್ಯಾರಥಾನಿಗಿಂತ ಒಂದು ಕಿಲೋಮೀಟರ್ ಚಿಲ್ಲರೆ ಜಾಸ್ತಿ. ಲಾಂಗ್ ರನ್ನಿಗೆ ಇನ್ನೇನು ಬೇಕು; ಕಾಲು ಸೋತ ಕಡೆ ಸ್ಟೇಷನ್ನು. ಮಗನ ಕ್ರಿಕೆಟ್ ಕೋಚಿಂಗಿಗೆ ಬಿಟ್ಟು ಎರಡು ಗಂಟೆ ಕಾರಿನಲ್ಲಿ ಮೊಬೈಲ್ ನೋಡುತ್ತ ಕೂರುವ ಅಪ್ಪಂದಿರಿಗೆ ಮೈದಾನದ ಸುತ್ತ ಜಾಗವಿದೆ. ಲಾಂಗ್ ರನ್ನನ್ನು ಮನೆಯ ಬಾಗಿಲಿನಿಂದಲೇ ಶುರು ಮಾಡಿ ಬಾಗಿಲಿಗೇ ಮುಗಿಸಿದರೆ ಕಬ್ಬನ್ ಪಾರ್ಕಿಗೆ ಹೋಗಿಬರುವ ಒಂದು ಗಂಟೆ ಉಳಿಯುತ್ತದೆ. ಬೀದಿನಾಯಿಗಳ ಕಾಟ ಇದೆ, ಫುಟ್‌ಪಾತ್ ಕಿತ್ತುಹೋಗಿದೆ, ಒಪ್ಪಬೇಕಾದ್ದೇ. ತಿಂಗಳಿಗೆ ಎರಡು ಸಲವಾದರೂ ಹಾಗೆ ಮಾಡಬಹುದು.

ನಿದ್ದೆಯಿಂದ ಮಾತ್ರ ಹೊತ್ತು ಕದಿಯಬಾರದು. ರಾತ್ರಿ ಹನ್ನೊಂದರವರೆಗೆ ಅಮೆರಿಕದವರ ಜೊತೆ ಕಾಲ್, ಬೆಳಿಗ್ಗೆ ನಾಲ್ಕೂವರೆಗೆ ಅಲಾರಂ. ಹೀಗೆ ವಾರಗಟ್ಟಲೆ ನಡೆಸುವವರು ಬಳಗದಲ್ಲಿ ಶೂರರೆನಿಸಿಕೊಳ್ಳುತ್ತಾರೆ. ಕಾಲ್ ಇದ್ದ ರಾತ್ರಿಯ ಮರುದಿನ ಓಟವಿಲ್ಲ ಎಂಬ ನಿಯಮ ಅದಕ್ಕಿಂತ ಬುದ್ಧಿವಂತಿಕೆಯದು.

ಹೃದಯದ ಬಗ್ಗೆಯೂ ಎರಡು ಮಾತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46. ಅದಾದ ಮೇಲೆ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು, ವ್ಯಾಯಾಮವೇ ಅಪಾಯ ಎಂಬ ಮಾತೂ ಮನೆಮನೆಯಲ್ಲಿ ಹಬ್ಬಿತು. ಅಮೆರಿಕದಲ್ಲಿ 2000ದಿಂದ 2010ರವರೆಗಿನ ಮ್ಯಾರಥಾನ್ ಮತ್ತು ಹಾಫ್ ಮ್ಯಾರಥಾನ್‌ಗಳಲ್ಲಿ ಓಡಿದ ಒಂದು ಕೋಟಿ ಒಂಬತ್ತು ಲಕ್ಷ ಜನರನ್ನು ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನದಲ್ಲಿ ಹೃದಯ ಸ್ತಂಭನವಾದವರು 59 ಮಂದಿ. ಭಯಪಟ್ಟು ಮನೆಯಲ್ಲಿ ಕೂರುವಷ್ಟು ಅಪಾಯ ಅಲ್ಲ. ಹಾಗೆಂದು ನಲವತ್ತು ದಾಟಿದವರು, ಮನೆತನದಲ್ಲಿ ಹೃದ್ರೋಗವಿದ್ದವರು, ಸಕ್ಕರೆ ಕಾಯಿಲೆ ಇರುವವರು ಬಿಬ್ ಕೈಗೆ ಬರುವ ಮುಂಚೆ ಡಾಕ್ಟರನ್ನು ಕಾಣದೆ ಓಡುವುದು ಹೆಂಡತಿ ಮಕ್ಕಳ ಎದುರು ಜೂಜಾಡಿದಂತೆ.

ಕೊನೆಯದಾಗಿ, ಹೆಂಗಸರ ಓಟ. ಟೆನ್‌ಕೆ ಸಾಲಿನಲ್ಲಿ ಅವರು ಬೇಕಾದಷ್ಟು ಮಂದಿ ಕಾಣುತ್ತಾರೆ, ದೂರ ಹೆಚ್ಚಿದಂತೆ ಸಾಲು ತೆಳ್ಳಗಾಗುತ್ತದೆ. ಅವರ ಕಾಲಿನಲ್ಲಿ ಕಸುವಿಲ್ಲದೆ ಅಲ್ಲ. ಜಾಸ್ಮಿನ್ ಪ್ಯಾರಿಸ್ ಆ ಅನುಮಾನವನ್ನು ತೀರಿಸಿಬಿಟ್ಟಿದ್ದಾರೆ. ಕತ್ತಲಿರುವಾಗ ಒಬ್ಬಳೇ ಓಡುವುದಕ್ಕೆ ಭಯ, ಬೆಳಕಾದ ಮೇಲೆ ಅಡುಗೆಮನೆ. ಬಳಗದ ಗಂಡಸರು ಮನಸ್ಸು ಮಾಡಿದರೆ ಎರಡನ್ನೂ ಸರಿಪಡಿಸಬಹುದು, ಅದಕ್ಕೆ ಮಹಾನಗರ ಪಾಲಿಕೆಯ ಅನುಮತಿ ಬೇಕಿಲ್ಲ.

ಆದ್ದರಿಂದ ಬಳಗದ ಕೋಚುಗಳಲ್ಲಿ, ಅಡ್ಮಿನ್ನುಗಳಲ್ಲಿ ಒಂದು ವಿನಂತಿ. ಮುಂದಿನ ಸೀಸನ್ನಿನ ವೇಳಾಪಟ್ಟಿ ಹಾಕುವಾಗ ತಿಂಗಳಿನ ಎರಡು ಭಾನುವಾರ ಗಂಡಸರಿಗೆ ರೆಸ್ಟ್ ಡೇ ಎಂದು ಬರೆಯಿರಿ. ಅವರ ಲಾಂಗ್ ರನ್ ವಾರದ ನಡುವಿನ ಯಾವುದಾದರೂ ಬೆಳಗಿಗೆ ಹೋಗಲಿ. ಆ ಎರಡು ಭಾನುವಾರಗಳ ಬೆಳಿಗ್ಗೆ ಹೆಂಗಸರ ಓಟ ಇಡಿ, ದೋಸೆ ಕಾಫಿ ಸಮೇತ, ಹತ್ತೂವರೆವರೆಗೆ. ಇನ್ಸುಲಿನ್ ಪೆನ್ ಫ್ರಿಜ್ಜಿನ ಯಾವ ಕಡೆ ಇದೆ ಎಂದು ಶನಿವಾರ ರಾತ್ರಿಯೇ ಕೇಳಿಟ್ಟುಕೊಳ್ಳುವಂತೆ ಗಂಡಸರ ಗುಂಪಿಗೆ ಒಂದು ಮೆಸೇಜ್ ಹಾಕಿ.